ಆ ಬಿಸಿ ಎಲ್ಲಿ ಹೋತು?

ಕಳೆದ ಬೇಸಿಗೆಯಲ್ಲಿ ಒಂದೂವರೆ ತಿಂಗಳು ಊರಿನಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದರು. ನಮ್ಮೂರು ಸವದತ್ತಿ ತಾಲ್ಲೂಕಿನದು, ಮಲಪ್ರಭೆಯ ದಂಡೆಯಿಂದ ತುಸು ಒಳಗೆ. ಲ್ಯಾಪ್‌ಟಾಪ್ ಮೇಲೆ ನನ್ನ ಕೆಲಸ ಸಾಗೋದಿಲ್ಲ, ದೊಡ್ಡ ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡಬೇಕು. ಹಾಗಾಗಿ ಬೆಂಗಳೂರಿನ ಮನೆಯಲ್ಲಿದ್ದ ಡೆಸ್ಕ್‌ಟಾಪನ್ನೇ ಕೌದಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ಬೆಲ್ಟು ಹಾಕಿ ತಂದೆ. ಕೌದಿ ಅವ್ವನೇ ಹೊಲಿದದ್ದು. ಬಿಚ್ಚುವಾಗ ನೋಡಿ, "ಹೊಸಾ ಸೊಸಿಗಿಂತ ಜ್ವಾಕಿಲೆ ಕರಕೊಂಡ್ ಬಂದಿಯಲ್ಲೋ" ಅಂತ ನಕ್ಕಳು.

ಆ ಪೆಟ್ಟಿಗೆಯ ಒಂದು ಬದಿ ಗಾಜಿನದು. ಒಳಗಿನ ಕಪ್ಪು ಪೈಪು ನೋಡಿ ಅದೇನು ಅಂತ ಕೇಳಿದಳು. ಅದರೊಳಗೆ ನೀರಿದೆ ಅಂದೆ. ಕಂಪ್ಯೂಟರಿಗೆ ನೀರು ಯಾಕೆ ಅಂದಳು. ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಪ್ರೊಸೆಸರ್ ಕೆಲಸ ಮಾಡುವಾಗ ಕಾಯ್ತದೆ. ಅದರ ನೆತ್ತಿಗೆ ತಾಮ್ರದ ಒಂದು ತಟ್ಟೆ ಒತ್ತಿ ಕೂಡಿಸಿರ್ತಾರೆ. ತಟ್ಟೆಯ ಮೇಲೆ ಮುಷ್ಟಿಯಷ್ಟು ದೊಡ್ಡ ಪಂಪು. ಆ ಪಂಪು ಬಿಸಿಯಾದ ನೀರನ್ನು ಒಂದು ಪೈಪಿನಿಂದ ರೇಡಿಯೇಟರಿಗೆ ಕಳಿಸ್ತದೆ. ಅಲ್ಲಿ ಫ್ಯಾನುಗಳು ಗಾಳಿ ಹಾಯಿಸ್ತವೆ. ಆರಿದ ನೀರು ಇನ್ನೊಂದು ಪೈಪಿನಿಂದ ತಿರುಗಿ ಬರ್ತದೆ. ನಮ್ಮ ಟ್ರ್ಯಾಕ್ಟರಿನೊಳಗ ಇರೋದೂ ಇದೇ ಬೇ, ಅಂದೆ.

"ಹಂಗಾರ ಆ ಬಿಸಿ ಎಲ್ಲಿ ಹೋಗತೈತಿ?"

"ಹೊರಗ ಹೋಗತೈತಿ."

"ಹೊರಗ ಅಂದ್ರ, ಈ ಖೋಲ್ಯಾಗ?"

"ಹೂಂ, ಈ ಖೋಲ್ಯಾಗ."

"ಹಂಗಾರ ಅದು ತಂಪ ಮಾಡ್ಲಿಲ್ಲ ಬಿಡು. ಬಿಸಿ ಹೊತ್ತು ತಂದು ನಿನ್ನ ಮುಂದ ಇಟ್ಟತು" ಅಂದು ಎದ್ದು ಹೋದಳು.

ಬಿಇ ಮೊದಲ ವರ್ಷದಲ್ಲಿ ಥರ್ಮೋಡೈನಮಿಕ್ಸ್ ಅಂತ ಒಂದು ಅಧ್ಯಾಯ ಓದಿ ಪಾಸಾದವನು ನಾನು. ಅದರ ಸಾರ ಇಷ್ಟೇ: ತಂಪನ್ನು ಯಾರೂ ತಯಾರಿಸೋಕೆ ಆಗಲ್ಲ, ಕಾವನ್ನು ಒಂದು ಕಡೆಯಿಂದ ಎತ್ತಿ ಮತ್ತೊಂದು ಕಡೆ ಇಡಬಹುದು. ಎಸಿ ಇರಲಿ, ಫ್ರಿಜ್ ಇರಲಿ, ಇದೇ ಲೆಕ್ಕ. ಅವ್ವನ ಮಾತನ್ನು ಆವತ್ತು ತಮಾಷೆ ಅಂತ ತಗೊಂಡೆ.

ನಾಲ್ಕನೇ ದಿನ ತೊಂದರೆ ಶುರುವಾಯಿತು. ಕಂಪೈಲ್ ಹಚ್ಚಿದ ಕೂಡಲೇ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗಲು ಹತ್ತಿದವು. ನೋಡಿದರೆ ಪ್ರೊಸೆಸರ್ 100 ಡಿಗ್ರಿ. ನನ್ನ ಪ್ರೊಸೆಸರಿಗೆ ತಯಾರಕರು ಗೊತ್ತುಮಾಡಿದ ಕಡೆಯ ಗೆರೆ ಅದು. ಆ ಗೆರೆ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ತದೆ, ಸುಟ್ಟು ಹೋಗೋದಕ್ಕಿಂತ ನಿಧಾನ ಆಗೋದು ಲೇಸು ಅಂತ. ಇದಕ್ಕೆ ನಮ್ಮವರು ಥ್ರಾಟ್ಲಿಂಗ್ ಅಂತಾರೆ. ಹದಿನಾಲ್ಕು ನಿಮಿಷದ ಕೆಲಸ ನಲವತ್ತು ನಿಮಿಷ ತಿಂದಿತು.

ನನ್ನ ಮೊದಲ ತೀರ್ಮಾನ: ಬಿಸಿಲು. ಏಪ್ರಿಲ್ ತಿಂಗಳು, ಮೇಲಿನ ಮಹಡಿಯ ಆರ್‌ಸಿಸಿ ಖೋಲಿ. ಹಳೆಯ ಮಣ್ಣಿನ ಮಾಳಿಗೆ ಇದ್ದಾಗ ಬೇಸಿಗೆ ಇಷ್ಟು ಗೊತ್ತಾಗ್ತಿರಲಿಲ್ಲ. ಬೇರೆ ಏನು ಕಾರಣ ಇರಲು ಸಾಧ್ಯ? ಆದರೆ ಬಿಸಿಲಿಗೂ ಒಂದು ಲೆಕ್ಕ ಇದೆ. ಇಂಥ ಯಾವ ಕೂಲರ್ ಆದರೂ ಕೋಣೆಯ ಗಾಳಿಗಿಂತ ಕೆಳಗೆ ತಣ್ಣಗೆ ಮಾಡಲಾರದು. ಹಾಗಾಗಿ ಪ್ರೊಸೆಸರಿನ ಡಿಗ್ರಿ ಒಂದನ್ನೇ ನೋಡಬಾರದು, ಕೋಣೆಗೂ ಅದಕ್ಕೂ ಇರುವ ಅಂತರ ನೋಡಬೇಕು. ಬೆಂಗಳೂರಿನಲ್ಲಿ ಕೋಣೆ 26 ಇದ್ದಾಗ ಕಂಪೈಲ್ ಮಾಡಿದರೆ 80 ಮುಟ್ಟುತ್ತಿತ್ತು. ಅಂತರ 54. ಇಲ್ಲಿ ಮಧ್ಯಾಹ್ನ ಖೋಲಿ 36. ಅಂದರೆ 90 ಬರಬೇಕು, ಒಪ್ಪೋಣ. ಆದರೆ ಏನೂ ಕೆಲಸ ಕೊಡದೆ ಸುಮ್ಮನೆ ಬಿಟ್ಟಾಗಲೂ 68 ತೋರಿಸುತ್ತಿತ್ತು. ಬೆಂಗಳೂರಿನಲ್ಲಿ ಸುಮ್ಮನಿದ್ದಾಗ 38 ಇರುತ್ತಿತ್ತು, ಇಲ್ಲಿ 48 ಇರಬೇಕು. ಬಿಸಿಲಿನ ಪಾಲು ಹತ್ತು ಡಿಗ್ರಿ. ಉಳಿದ ಇಪ್ಪತ್ತು ಯಾರದು?

ಇಲ್ಲಿ ಒಂದು ಮಾತು ಹೇಳಲೇಬೇಕು. ಏನೇ ಕೆಟ್ಟರೂ ನಾವು ಮೊದಲು ಕಾಲಮಾನದ ಮೇಲೆ ಹಾಕ್ತೇವೆ. ಬಿಸಿಲು ಹಂಗೈತಿ, ಕಾಲ ಹಂಗೈತಿ, ವಯಸ್ಸು ಆತು. ಅದು ಪೂರ್ತಿ ಸುಳ್ಳೂ ಅಲ್ಲ, ಹತ್ತು ಡಿಗ್ರಿ ನಿಜವಾಗಿಯೂ ಅದರದೇ. ಆ ಹತ್ತರ ನೆರಳಿನಲ್ಲಿ ಇಪ್ಪತ್ತು ಅಡಗಿ ಕೂತಿರುತ್ತವೆ ಅನ್ನೋದು ಮಾತ್ರ ಲೆಕ್ಕ ಹಾಕದೆ ಗೊತ್ತಾಗೋದಿಲ್ಲ.

ಸರಿ, ಒಂದೊಂದಾಗಿ ಶುರುಮಾಡಿದೆ. ನಮ್ಮ ಕಸುಬಿನ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಅಳೆಯಬೇಕು. ಹಿನ್ನೆಲೆಯಲ್ಲಿ ಯಾವುದಾದರೂ ಪ್ರೋಗ್ರಾಂ ಓಡುತ್ತಿದೆಯಾ ನೋಡಿದೆ, ಇಲ್ಲ. ಪೆಟ್ಟಿಗೆ ಬಿಚ್ಚಿ ರೇಡಿಯೇಟರ್ ನೋಡಿದೆ. ನಾಲ್ಕೇ ದಿನಕ್ಕೆ ಎರೆಮಣ್ಣಿನ ಧೂಳು ಕೂತಿತ್ತು. ಬಣ್ಣ ಹಚ್ಚುವ ಬ್ರಶ್ಶಿನಿಂದ ಝಾಡಿಸಿದೆ. ಎರಡು ಡಿಗ್ರಿ ಇಳಿಯಿತು. ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು ಅಂತ ಸ್ಪಿರಿಟ್‌ನಿಂದ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿದೆ. ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ ಬಿಗಿದೆ. ಏನೂ ಬದಲಾಗಲಿಲ್ಲ. ಕಡೆಗೆ ಫ್ಯಾನುಗಳನ್ನೆಲ್ಲ ಪೂರ್ತಿ ವೇಗಕ್ಕೆ ಇಟ್ಟೆ. ಮೀಟಿಂಗಿನಲ್ಲಿ ಇದ್ದವರು "ಎಲ್ಲಿದೀಯಪ್ಪ, ಬಸ್ ಸ್ಟ್ಯಾಂಡಿನಲ್ಲಾ?" ಅಂತ ಕೇಳುವಷ್ಟು ಸದ್ದು. ಡಿಗ್ರಿ ಮಾತ್ರ ನೂರಕ್ಕೆ ನೂರು.

ಮೂರನೇ ದಿನ ಮಧ್ಯಾಹ್ನ ಅವ್ವ ಮಜ್ಜಿಗೆ ತಂದಳು. ಲೋಟ ಇಡುವಾಗ ಪೆಟ್ಟಿಗೆಯ ಮೇಲೆ ಕೈ ಹಾಯಿತು. ಅಲ್ಲೇ ಇಟ್ಟುಕೊಂಡು, "ಗಾಳಿ ಛಲೋ ತಣ್ಣಗ ಬರಾಕತ್ತೈತಿ. ಮತ್ಯಾಕ ಬಡಕೊಳ್ಳಾಕತ್ತಿ?" ಅಂದಳು.

ನಾನೂ ಕೈ ಇಟ್ಟೆ. ಹೌದು, ತಣ್ಣಗೇ ಇತ್ತು. ಒಂದು ಕ್ಷಣ ಸಮಾಧಾನವೂ ಆಯಿತು. ಆಮೇಲೆ ಹೊಳೆಯಿತು. ಒಳಗೆ ಪ್ರೊಸೆಸರ್ ನೂರು ಡಿಗ್ರಿಯಲ್ಲಿ ಕುದಿಯುತ್ತಿದ್ದರೆ ರೇಡಿಯೇಟರಿನಿಂದ ಬರುವ ಗಾಳಿ ಬಿಸಿ ಇರಬೇಕು. ಇರಲೇಬೇಕು. ತಣ್ಣಗೆ ಬರ್ತಿದೆ ಅಂದರೆ ಬಿಸಿ ಇಲ್ಲಿಗೆ ತಲುಪಿಯೇ ಇಲ್ಲ. ಹೊರಗಿನ ತಂಪೇ ಒಳಗಿನ ರೋಗದ ಗುರುತು.

ಪೈಪು ಮುಟ್ಟಿ ನೋಡಿದೆ. ಪಂಪಿನ ಬುಡದಲ್ಲಿ ಕೈ ಇಡಲಾಗದಷ್ಟು ಕಾವು, ಒಂದು ಗೇಣು ಮುಂದೆ ಹೋದರೆ ಏನೂ ಇಲ್ಲ. ನೀರು ಹರಿಯುತ್ತಿರಲಿಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಪಂಪು ನಿಮಿಷಕ್ಕೆ 2,700 ಸುತ್ತು ತಿರುಗುತ್ತಿದೆ ಅಂತ ಮೊದಲ ದಿನದಿಂದ ತೋರಿಸುತ್ತಲೇ ಇತ್ತು. ಅದನ್ನು ನಂಬಿಯೇ ನಾನು ಪಂಪನ್ನು ಅನುಮಾನಿಸಿರಲಿಲ್ಲ. ಸಂಖ್ಯೆ ಸುಳ್ಳು ಹೇಳಿರಲಿಲ್ಲ. ಪಂಪು ತಿರುಗುತ್ತಿತ್ತು. ಆದರೆ ತಾಮ್ರದ ತಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ಸಂದುಗಳಿರ್ತವೆ. ವರ್ಷಗಟ್ಟಲೆ ಓಡಿದ ಕೂಲರಿನಲ್ಲಿ ದ್ರವದ ಗಸಿ ಅವುಗಳಲ್ಲಿ ಕಟ್ಟಿಕೊಳ್ತದೆ. ಪಂಪು ನಿಂತಲ್ಲೇ ತಿರುಗ್ತಿರ್ತದೆ, ನೀರು ದಾಟೋದಿಲ್ಲ. ನನ್ನ ಕೂಲರ್ ಹಿಂದಿನ ಕಂಪ್ಯೂಟರಿನಿಂದ ಬಿಚ್ಚಿ ತಂದದ್ದು, ಬಿಗಿಯಾಗಿ ಮುಚ್ಚಿದ ಜಾತಿಯದು. ಬಿಚ್ಚಿ ತೊಳೆಯುವ ಹಾಗಿಲ್ಲ.

ಲೆಕ್ಕದ ಮೇಲೆ ನೀರು ಹರಿಯೋದು ನಮ್ಮ ಕಡೆಯವರಿಗೆ ಹೊಸದಲ್ಲ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು, ಕಾಲುವೆ ಆದವು. ಕಾಲುವೆ ಆಯಿತೆಂದರೆ ಭೂಮಿಯ ಬೆಲೆ ಏರಿತು ಅಂತ ಸರಕಾರ ಅಭಿವೃದ್ಧಿ ಕರ ಹಾಕಿತು. ಕಾಲುವೆಯ ಬಾಲದ ಕಡೆಯ ಹೊಲಗಳಿಗೆ ನೀರು ತಲುಪಿರಲಿಲ್ಲ, ಕರದ ನೋಟಿಸು ತಲುಪಿತು. ಕೊಟ್ಟ ಅರ್ಜಿಗಳಿಗೆ ಬೆಲೆ ಸಿಗಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿ ರೈತರ ಜೀವ ಹೋದವು. ಇವತ್ತಿಗೂ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. ಅಲ್ಲಿಯತನಕ ಶಾಂತವಾಗಿದ್ದ ರೈತ ಒಮ್ಮೆಲೇ ಯಾಕೆ ಸಿಡಿದ ಅಂತ ದೂರದ ಊರಲ್ಲಿ ಕೂತವರಿಗೆ ಆಶ್ಚರ್ಯ. ಹತ್ತಿರ ಇದ್ದವರು ಪೈಪು ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಇಷ್ಟು ದೊಡ್ಡ ಮಾತು ಆಡುತ್ತಿರುವ ನಾನು, ಅದೇ ವಾರ ನಮ್ಮ ಮನೆಯೊಳಗೇ ಹತ್ತಿರ ಇದ್ದೂ ಮುಟ್ಟಿ ನೋಡದವನಾದೆ.

ಊರಿನ ಆಶಾ ಕಾರ್ಯಕರ್ತೆ ನಮ್ಮ ಓಣಿಯವರೇ. ವಯಸ್ಸಾದವರ ಬಿಪಿ ನೋಡಬೇಕು, ಉಪಕೇಂದ್ರಕ್ಕೆ ಬಾ ಅಂತ ಅವ್ವನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ 178ಕ್ಕೆ 104 ಬಂತು. ಅರ್ಧ ಗಂಟೆ ಕೂಡಿಸಿ ಮತ್ತೆ ನೋಡಿದರು, ಹೆಚ್ಚುಕಮ್ಮಿ ಅಷ್ಟೇ. "ತಲಿ ನೋಯಸ್ತಿತ್ತೇನು ಯಕ್ಕಾ?" ಅಂತ ಕೇಳಿದರೆ, "ಎರಡ ತಿಂಗಳಾತು. ಬಿಸಲಿಗಿ ಅಂತ ಸುಮ್ನಿದ್ದೆ" ಅಂದಳಂತೆ. ಬಿಸಿಲು. ಅವ್ವನೂ ಹತ್ತು ಡಿಗ್ರಿಯ ಹಿಂದೆ ಇಪ್ಪತ್ತನ್ನು ಬಚ್ಚಿಟ್ಟಿದ್ದಳು.

ಈ ಎರಡು ತಿಂಗಳೂ ನಾನು ದಿನಾ ಫೋನ್ ಮಾಡುತ್ತಿದ್ದೆ. "ಆರಾಮ ಅದೀಯೇನ ಬೇ?" "ಆರಾಮ ಅದೀನಿ." ನಿಮಿಷಕ್ಕೆ 2,700 ಸುತ್ತು.

ಮರುದಿನ ಡಾಕ್ಟರ ಹತ್ತಿರ ಹೋದೆವು. ವಯಸ್ಸು ಅರವತ್ತೊಂದು, ಮನೆತನದಲ್ಲಿ ಬಿಪಿ ಇದೆ, ಊಟದಲ್ಲಿ ಉಪ್ಪು ಜಾಸ್ತಿ, ಗುಳಿಗೆ ತಪ್ಪಿಸಬಾರದು ಅಂತ ಹೇಳಿದರು. ಮನಸ್ಸಿನ ಮೇಲಿನ ಭಾರದಿಂದ ಹಿಂಗಾತೇನ್ರಿ ಅಂತ ಕೇಳಿದೆ. ಅದೊಂದರಿಂದಲೇ ಅಂತ ಹೇಳಲಿಕ್ಕೆ ಬರೋದಿಲ್ಲ ಅಂದರು. ಅವರ ಮಾತು ಸರಿ. ನಾನು ಇಲ್ಲಿ ಕತೆ ಕಟ್ಟಬಾರದು. ಅವ್ವನ ಬಿಪಿಗೆ ನಾವೇ ಕಾರಣ ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ನಮ್ಮ ಮನೆ ಇಷ್ಟು ವರ್ಷ ತಣ್ಣಗೆ ಇದ್ದದ್ದು ಹೆಂಗೆ ಅನ್ನೋ ಪ್ರಶ್ನೆ ಬಂತು. ಅದಕ್ಕೆ ಉತ್ತರ ನನಗೆ ಗೊತ್ತಿತ್ತು.

ನನಗೂ ಅಣ್ಣನಿಗೂ ಎರಡು ವರ್ಷದಿಂದ ನೇರ ಮಾತು ಕಡಿಮೆ. ಜಗಳ ಇಲ್ಲ, ಮುನಿಸೂ ಇಲ್ಲ, ಮಾತು ಮಾತ್ರ ಅವ್ವನ ಮೂಲಕ. ಅಣ್ಣ ಹೊಲ ಮಾಡುತ್ತಾನೆ, ಇನ್ನೊಂದು ಬೋರು ಹೊಡೆಸಬೇಕು ಅಂತಾನೆ. ಹಿಂದಿನ ಎರಡು ಬೋರು ಫೇಲಾಗಿವೆ, ಸಾಲ ಬೇಡ ಅಂತ ನಾನು. "ಅಣ್ಣಗ ಹೇಳು, ರೊಕ್ಕ ಭೂಮ್ಯಾಗ ಹುಗಿಯೂದಕ್ಕ ನನ್ನ ಹಂತ್ಯಾಕ ಕೇಳಬ್ಯಾಡ ಅಂತ." ನಾನು ಹಿಂಗ ಅಂದರೆ ಅವನಿಗೆ ಮುಟ್ಟುತ್ತಿದ್ದುದು: "ತಮ್ಮ ಈ ವರ್ಷ ಒಂದೀಟ ತಡಿ ಅಂದಾನಪಾ." ಅವನು ಅಂದದ್ದು: "ಬೆಂಗಳೂರಾಗ ಫ್ಯಾನಿನ ಕೆಳಗ ಕುಂತು ಹೇಳೂದು ಸಸಾರ. ಬಂದು ಒಂದ ದಿನ ನೀರ ಹಾಯಿಸಿ ನೋಡಂತ ಹೇಳು." ನನಗೆ ಮುಟ್ಟುತ್ತಿದ್ದುದು: "ಅಣ್ಣ ನೀ ಬಂದಾಗ ಕುಂತ ಮಾತಾಡೂನು ಅಂದಾನ."

ಇಬ್ಬರಿಗೂ ತಣ್ಣನೆಯ ಗಾಳಿ. ಇಬ್ಬರೂ ನಮ್ಮ ಮನೆ ಎಷ್ಟು ಒಳ್ಳೆಯದು ಅಂದುಕೊಂಡಿದ್ದೆವು. ನಾವು ಹೊರಗೆ ಹಾಕಿದ ಮಾತು ಎಲ್ಲಿ ಹೋಯಿತು ಅಂತ ಇಬ್ಬರೂ ಕೇಳಲಿಲ್ಲ. ಖೋಲಿಯ ಬಿಸಿ ಎಲ್ಲಿ ಹೋಗತೈತಿ ಅಂತ ಅವ್ವ ಒಂದೇ ನಿಮಿಷದಲ್ಲಿ ಕೇಳಿದ್ದಳು.

ನೀವೂ ಇಂಥವರನ್ನು ನೋಡಿರ್ತೀರಿ. ನಮ್ಮ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಳು. ಮೇಲಿನವರ ಅವಸರ, ಗ್ರಾಹಕರ ಬೈಗುಳ, ನಮ್ಮಂಥವರ ಸೋಮಾರಿತನ ಎಲ್ಲ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಏನು ಕೊಟ್ಟರೂ "ಪರವಾಗಿಲ್ಲ ಸರ್". ಒಂದು ಶುಕ್ರವಾರ ರಾಜೀನಾಮೆ ಕಳಿಸಿ ಹೋದಳು. "ಒಂದು ದಿನಾನೂ ಕಂಪ್ಲೇಂಟ್ ಮಾಡಿರಲಿಲ್ಲವಲ್ಲ!" ಅಂತ ಎಲ್ಲರಿಗೂ ಆಶ್ಚರ್ಯ. ಕಂಪ್ಲೇಂಟ್ ಮಾಡಿರಲಿಲ್ಲ ಅನ್ನೋದನ್ನು ಅವಳು ಆರಾಮಿದ್ದಳು ಅನ್ನೋದಕ್ಕೆ ಪುರಾವೆ ಅಂತ ನಾವು ಇಟ್ಟುಕೊಂಡಿದ್ದೆವು.

ಇಂಥವರನ್ನು ನಾವು ಏನಂತ ಹೊಗಳ್ತೇವೆ? ತಾಳ್ಮೆಯವಳು. ತಣ್ಣನೆ ಸ್ವಭಾವ. ನಮ್ಮವ್ವಗ ಸಿಟ್ಟೇ ಬರೂದಿಲ್ರಿ. ತಾಳಿದವನು ಬಾಳಿಯಾನು ಅಂತ ಗಾದೆಯೂ ಇದೆ. ಗಾದೆ ಸುಳ್ಳಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳ್ತಾರೆ ಅಂತ ಒಮ್ಮೆ ಗಮನಿಸಿ. ಅತ್ತೆ ಸೊಸೆಗೆ ಹೇಳ್ತಾಳೆ, ಸಾಹೇಬ ಗುಮಾಸ್ತನಿಗೆ ಹೇಳ್ತಾನೆ, ಮಗ ತಾಯಿಗೆ ಹೇಳ್ತಾನೆ. ಕಾವು ಹುಟ್ಟಿಸುವವನು ಕಾವು ಹೊರುವವಳಿಗೆ ಹೇಳುವ ಮಾತು ಅದು.

ಆ ಬೆಂಚಿನ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ತನ್ನ ಕಾವು ತಾನು ತಾಳಿಕೊಳ್ಳೋದು ಗುಣ. ಇನ್ನೊಬ್ಬರ ಕಾವು ತಾನು ತಾಳಿಕೊಳ್ಳೋದು ಉಪಕಾರ. ಇವೆರಡಕ್ಕೂ ನಾವು ತಾಳ್ಮೆ ಅಂತ ಒಂದೇ ಹೆಸರು ಇಟ್ಟಿದ್ದೇವೆ. ಯಾಕೆಂದರೆ ಉಪಕಾರ ಅಂದರೆ ಋಣ ಹುಟ್ಟುತ್ತದೆ, ತೀರಿಸಬೇಕಾಗ್ತದೆ. ಅದನ್ನೇ ಗುಣ ಅಂದುಬಿಟ್ಟರೆ ಹೊಗಳಿ ಕೈ ತೊಳೆದುಕೊಳ್ಳಬಹುದು. "ಆಕೀ ಸ್ವಭಾವನ ಹಂಗ" ಅಂದ ಕ್ಷಣಕ್ಕೆ ನಾವು ಅವ್ವನಿಗೆ ಕೊಡಬೇಕಾದ್ದೆಲ್ಲ ಮಾಫಿ.

ನಮ್ಮ ತಾಲ್ಲೂಕಿನವರಿಗೆ ಎಲ್ಲಮ್ಮನ ಗುಡ್ಡದ ಕತೆ ಹೇಳಿಕೊಡಬೇಕಾಗಿಲ್ಲ. ರೇಣುಕೆ ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಮನಸ್ಸು ಚೂರೂ ಅಲುಗದಿದ್ದರೆ ಮಾತ್ರ ಮರಳು ಕೊಡವಾಗುತ್ತಿತ್ತು. ಒಂದು ದಿನ ಹೊಳೆಯಲ್ಲಿ ಆಡುತ್ತಿದ್ದ ಗಂಧರ್ವರನ್ನು ನೋಡಿ ಮನಸ್ಸು ಒಂದು ಕ್ಷಣ ಆ ಕಡೆ ಹೋಯಿತು. ಕೊಡ ನಿಲ್ಲಲಿಲ್ಲ. ಋಷಿಗೆ ಸಿಟ್ಟು ಬಂತು. ತಂದೆಯ ಮಾತಿನಂತೆ ಪರಶುರಾಮ ತಾಯಿಯ ತಲೆ ಕಡಿದ, ಆಮೇಲೆ ವರ ಬೇಡಿ ಬದುಕಿಸಿದ.

ಚಿಕ್ಕವನಿದ್ದಾಗ ಈ ಕತೆಯಲ್ಲಿ ನನಗೆ ಕಾಣುತ್ತಿದ್ದದ್ದು ಕೊಡಲಿ. ಈಗ ಕಾಣೋದು ಆ ಮರಳಿನ ಕೊಡ. ಅದು ನಿಂತಿದ್ದಷ್ಟು ದಿನ ಆಶ್ರಮದಲ್ಲಿ ಒಬ್ಬರೂ ಕೇಳಲಿಲ್ಲ, ಮರಳು ಹೆಂಗೆ ನಿಂತೀತು ಅಂತ. ಒಂದು ದಿನ ಕುಸಿದ ಮೇಲೆ ವಿಚಾರಣೆ. ಋಷಿಯ ಸಿಟ್ಟು ತಪಸ್ಸಿನ ತೇಜಸ್ಸು ಅನ್ನಿಸಿಕೊಂಡಿತು, ಆಕೆಯ ಒಂದು ಕ್ಷಣ ತಪ್ಪು ಅನ್ನಿಸಿಕೊಂಡಿತು. ಆಕೆ ಗುಡ್ಡದ ಮೇಲೆ ದೇವಿಯಾಗಿ ಕೂತಳು. ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು, ಬಸ್ಸು ಹತ್ತಿ ಲಕ್ಷ ಲಕ್ಷ ಮಂದಿ "ಉಧೋ ಉಧೋ" ಅನ್ನುತ್ತ ಬಂದು ತಮ್ಮ ತಮ್ಮ ಸಂಕಟ ಆಕೆಯ ಮುಂದೆ ಇಟ್ಟು ಹಗುರಾಗಿ ಹೋಗ್ತಾರೆ. ಹೊರೋದು ಆಕೆಗೆ ಅಲ್ಲೂ ತಪ್ಪಲಿಲ್ಲ.

ಇದಕ್ಕೆ ಎದುರು ಮಾತೂ ಇದೆ. ಹೇಳಿದ್ದು ಬೇರೆ ಯಾರೂ ಅಲ್ಲ, ಅವ್ವನೇ. ಆಸ್ಪತ್ರೆಯಿಂದ ಬಂದ ರಾತ್ರಿ, "ಇನ್ನ ನೀ ನಮ್ಮಿಬ್ರ ನಡುವ ಬರಬ್ಯಾಡ ಬೇ" ಅಂದೆ. ಆಕೆಗೆ ಕೆಟ್ಟದೆನಿಸಿತು. "ನಾ ನಡುವ ಇರದಿದ್ರ ನೀವಿಬ್ರೂ ಎಂದೋ ಗ್ವಾಡಿ ಹಾಕ್ಕೊಂಡು ಬ್ಯಾರೆ ಆಗಿರ್ತಿದ್ರಿ. ಅದೇನ್ ದೊಡ್ಡ ಭಾರ ಅಲ್ಲ" ಅಂದಳು. ಹೌದು, ಅದೂ ನಿಜ. ಆಕೆ ಮಾಡಿದ್ದು ಬರೀ ಸಹನೆ ಅಂದರೆ ಅವಮಾನ ಮಾಡಿದಂತೆ, ಅದರಲ್ಲಿ ಜಾಣತನ ಇತ್ತು. ಯಾವ ಮಾತನ್ನು ದಾಟಿಸಬೇಕು, ಯಾವುದನ್ನು ನುಂಗಬೇಕು ಅಂತ ಎರಡು ವರ್ಷ ತೂಗಿ ತೂಗಿ ಮನೆ ಕಾದಿದ್ದಳು. ಕಾವು ಹೊರುವವರೇ ಇರಬಾರದು ಅಂದರೆ ಮನೆ ನಡೆಯೋದಿಲ್ಲ, ಊರೂ ನಡೆಯೋದಿಲ್ಲ.

ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಅಂದಳು: "ಅಕ್ಕ ಇದ್ದಾಗ ಏನೂ ಅನಸ್ತಿರ್ಲಿಲ್ಲ."

ಅಕ್ಕ ಅಂದರೆ ರಾಮದುರ್ಗದ ದೊಡ್ಡವ್ವ. ತೀರಿಕೊಂಡು ಮೂರು ವರ್ಷ. ಅವ್ವ ಸಂಜೆ ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಕೂತು ಅಕ್ಕನಿಗೆ ಫೋನ್ ಹಚ್ಚುತ್ತಿದ್ದಳು. ಅರ್ಧ ಗಂಟೆ, ಒಂದು ಗಂಟೆ. ಏನು ಅಷ್ಟು ಮಾತಾಡ್ತೀರಿ ಅಂತ ನಾವು ಚೇಷ್ಟೆ ಮಾಡುತ್ತಿದ್ದೆವು. ನಮ್ಮ ಮನೆಯ ಕಾವು ಆ ಫೋನಿನಲ್ಲಿ ಮಲಪ್ರಭೆ ದಾಟಿ ರಾಮದುರ್ಗಕ್ಕೆ ಹೋಗಿ ಆರಿ ಬರುತ್ತಿತ್ತು. ದೊಡ್ಡವ್ವ ಹೋದ ಮೇಲೆ ಹೊರುವ ಕೆಲಸ ನಿಲ್ಲಲಿಲ್ಲ, ಇಳಿಸುವ ಜಾಗ ಇಲ್ಲವಾಯಿತು. ಆ ಸಾವಿನಲ್ಲಿ ಅವ್ವ ಏನು ಕಳಕೊಂಡಳು ಅಂತ ನನಗೆ ಮೂರು ವರ್ಷದ ಮೇಲೆ ತಿಳಿಯಿತು.

ಕಂಪ್ಯೂಟರಿನ ಕತೆ ಮುಗಿಸುತ್ತೇನೆ. ಬೆಳಗಾವಿಗೆ ಹೋಗಿ ಬೇರೆ ಕೂಲರ್ ತಂದೆ. ಮತ್ತೆ ನೀರಿನದು ತರಲಿಲ್ಲ, ತಾಮ್ರದ ಕೊಳವೆ, ತಗಡಿನ ಎಲೆ, ಫ್ಯಾನು ಇರುವ ಸಾದಾ ಕೂಲರ್. ಅದಕ್ಕೆ ಪಂಪೇ ಇಲ್ಲ. ಆದರೆ ಅಂಥದ್ದು ನಮ್ಮೂರ ಬಿಸಿಲಿನಲ್ಲಿ ನನ್ನ ಪ್ರೊಸೆಸರಿನ ಪೂರ್ತಿ ಕಾವನ್ನು ಹೊರಲಾರದು. ಈ ಪ್ರೊಸೆಸರಿಗೆ ತಯಾರಕರು ಹೇಳುವ ಮಾಮೂಲಿ ಮಿತಿ 125 ವ್ಯಾಟ್, ಬಿಟ್ಟರೆ 253 ವ್ಯಾಟ್ ತನಕ ಎಳೆಯುತ್ತದೆ. ನಾನು ಇಷ್ಟು ದಿನ ಬಿಟ್ಟೇ ಇದ್ದೆ. ಈಗ ಬಯೋಸ್‌ಗೆ ಹೋಗಿ 125ಕ್ಕೆ ಕಟ್ಟಿಹಾಕಿದೆ. ಹದಿನಾಲ್ಕು ನಿಮಿಷದ ಕಂಪೈಲ್ ಹದಿನಾರು ಆಯಿತು. ಡಿಗ್ರಿ 80 ದಾಟಲಿಲ್ಲ. ಎರಡು ನಿಮಿಷ ಉಳಿಸೋದಕ್ಕೆ ಎರಡು ಪಟ್ಟು ಕರೆಂಟು ಸುಟ್ಟು, ಆ ಕಾವನ್ನು ಪಂಪಿನ ತಲೆಗೆ ಕಟ್ಟುತ್ತಿದ್ದೆ. ಹೊರುವವರು ಗಟ್ಟಿ ಇದ್ದಾರೆ ಅಂತ ಗೊತ್ತಾದರೆ ಹುಟ್ಟಿಸುವವನಿಗೆ ಲಂಗುಲಗಾಮು ಇರೋದಿಲ್ಲ.

ಆ ಭಾನುವಾರ ಅಣ್ಣನ ಜೊತೆ ಹೊಲಕ್ಕೆ ಹೋದೆ. ಬೇವಿನ ಗಿಡದ ಕೆಳಗೆ ಕೂತೆವು. "ನೀ ಏನ್ ಅಂದಿದ್ದಿ ಅದನ್ನ ನನಗ ಹೇಳು, ಅವ್ವಗ ಹೇಳಿದ್ದನ್ನ" ಅಂದೆ. ಮೊದಲು ನಗೆಯಾಡಿದ. ಆಮೇಲೆ ಹೇಳಿದ. ನಾನೂ ಹೇಳಿದೆ. ಚೆನ್ನಾಗಿ ಆಗಲಿಲ್ಲ. ಅವನು ಎದ್ದು ನಿಂತು ಕೂಗಿದ, ನಾನೂ ಕೂಗಿದೆ, ಪಕ್ಕದ ಹೊಲದವರು ತಿರುಗಿ ನೋಡಿದರು. ಎರಡು ವರ್ಷದ್ದು ಒಂದೇ ಮಧ್ಯಾಹ್ನ ಹೊರಗೆ ಬಂದರೆ ಹಂಗೇ. ಅವನ ಒಂದು ಮಾತು ನನಗೆ ಇನ್ನೂ ಚುಚ್ಚುತ್ತದೆ, ಇಲ್ಲಿ ಬರೆಯೋದಿಲ್ಲ. ಬೋರಿನ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಸದ್ಯಕ್ಕೆ ಒಂದು ಎಕರೆಗೆ ಹನಿ ನೀರಾವರಿ ಮಾಡಿ ನೋಡೋಣ, ಅರ್ಧ ಖರ್ಚು ನನ್ನದು ಅಂತ ಆಗಿದೆ. ಆದರೆ ತಿರುಗಿ ಬರುವಾಗ ಅವನ ಬೈಕಿನ ಹಿಂದೆ ಕೂತು ಬಂದೆ. ಬಹಳ ದಿನದ ಮೇಲೆ.

ಈಗ ಮತ್ತೆ ಬೆಂಗಳೂರಿನಲ್ಲಿದ್ದೇನೆ. ಅವ್ವ ಗುಳಿಗೆ ತಪ್ಪಿಸುತ್ತಿಲ್ಲ, ಉಪ್ಪಿನಕಾಯಿ ಮಾತ್ರ ಬಿಡವಲ್ಲಳು. ದಿನಾ ಫೋನ್ ಮಾಡ್ತೇನೆ. "ಆರಾಮ ಅದೀನಿ" ಅಂದ ಮೇಲೆ ಇಡದೆ ಇನ್ನೊಂದು ಹತ್ತು ನಿಮಿಷ ಸುಮ್ಮನೆ ಕೂಡೋದು ಕಲಿತಿದ್ದೇನೆ. ಕೆಲವೊಮ್ಮೆ ಆ ಹತ್ತು ನಿಮಿಷದ ಕಡೆಗೆ ಏನಾದರೂ ಬರ್ತದೆ. ದೊಡ್ಡವ್ವನ ಜಾಗ ತುಂಬೋದು ನನ್ನ ಕೈಲಿ ಆಗದ ಮಾತು, ಅದು ಗೊತ್ತಿದೆ.

ಮೊನ್ನೆ ಹಳೆಯ ಚಾಳಿಯಿಂದ ಕೇಳಿದೆ, "ಹನಿ ನೀರಾವರಿ ಪೈಪಿಂದು ಅಣ್ಣ ಏನಂದ?"

"ಅಂವ ಇಲ್ಲೇ ಅದಾನ. ಅವನ್ನ ಕೇಳು" ಅಂದವಳು ಫೋನ್ ಅವನ ಕೈಗೆ ಕೊಟ್ಟಳು.